ಹಜ್‌ಗೆ ಹೋಗದ ಹಾಜಿ

ಆಕ್ಲೆಂಡಿನ ಪೂರ್ವಕ್ಕೆ, ಫ್ಲ್ಯಾಟ್ ಬುಷ್ ಕಡೆ ಮನೆ ಮಾಡಿಕೊಂಡ ಕನ್ನಡದವರಲ್ಲಿ ಬದ್ರುದ್ದೀನ್ ಸಾಹೇಬರು ಹಾಸಿದ ಕಾರ್ಪೆಟ್ಟಿನ ಮೇಲೆ ಓಡಾಡದವರು ಕಡಿಮೆ. ಮೂಲ ರಾಣೆಬೆನ್ನೂರು. ಅಪ್ಪನ ಗಾದಿ ಅಂಗಡಿಯಲ್ಲಿ ಹತ್ತಿ ತುಂಬುತ್ತ ಬೆಳೆದವರು, ಹೆಂಡತಿ ಗುಲ್ಜಾರ್ ಬೇಗಂ ಮತ್ತು ಕೈಗೂಸು ಆಯೇಶಾಳನ್ನು ಕಟ್ಟಿಕೊಂಡು ನ್ಯೂಜಿಲೆಂಡಿಗೆ ಬಂದು, ಮೊದಲು ಕೂಲಿಗೆ ಕಾರ್ಪೆಟ್ ಹೊತ್ತು, ಆಮೇಲೆ ಹಾಸುವುದನ್ನು ಕಲಿತು, ಕೊನೆಗೆ ತಮ್ಮದೇ ಪುಟ್ಟ ಅಂಗಡಿ ಇಟ್ಟರು. ಅಳತೆಯಲ್ಲಿ ಒಂದು ಗೇಣು ಹೆಚ್ಚು ಹೇಳಿದವರಲ್ಲ. ಉಳಿದ ತುಂಡನ್ನೂ ಗಿರಾಕಿಯ ಗ್ಯಾರೇಜಿನಲ್ಲಿ ಸುತ್ತಿಟ್ಟು ಬರುತ್ತಿದ್ದರು. “ಸಾಹೇಬರು ಹೇಳಿದರೆ ಮುಗೀತು” ಎಂಬ ಮಾತು ಅವರ ಕಿವಿಗೂ ಬಿದ್ದಿತ್ತು. ಅದರ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ ಇತ್ತು.

ಕಾರ್ಪೆಟ್ಟನ್ನು ಗೋಡೆಯಂಚಿಗೆ ಬಿಗಿಯುವ ಉಪಕರಣವನ್ನು ಮಂಡಿಯಿಂದ ಗುದ್ದಬೇಕು. ದಿನಕ್ಕೆ ನೂರಾರು ಸಲ ಗುದ್ದಿ ಗುದ್ದಿ ಐವತ್ತೈದರ ಹೊತ್ತಿಗೆ ಎಡಮಂಡಿ ಸವೆದುಹೋಯಿತು. ಆಪರೇಷನ್ ಆದ ಮೇಲೆ ಡಾಕ್ಟರು, ಎಲ್ಲಾದರೂ ಬಿಸಿಲಿರುವ ಕಡೆ ಹೋಗಿ ಒಂದು ತಿಂಗಳು ಆರಾಮವಾಗಿರಿ ಎಂದರು. ಆಯೇಶಾಳ ಪರೀಕ್ಷೆಯ ಕಾಲ, ಗುಲ್ಜಾರ್ ಹೊರಡುವಂತಿರಲಿಲ್ಲ. ಸಾಹೇಬರು ಒಬ್ಬರೇ ಇಂಡೊನೇಷ್ಯಾದ ಲೊಂಬೊಕ್ ದ್ವೀಪಕ್ಕೆ ಹೋದರು. ಬಾಲಿಯ ಪಕ್ಕದ್ದೇ ಆದರೂ ಬಾಲಿಯ ಗದ್ದಲವಿಲ್ಲ, ಊರೂರಿಗೂ ಮಸೀದಿ, ಊಟದ ಚಿಂತೆಯಿಲ್ಲ ಎಂದು ಯಾರೋ ಹೇಳಿದ್ದರು.

ಸಮುದ್ರದ ದಂಡೆಯ ಹೋಟೆಲು ಎರಡೇ ದಿನಕ್ಕೆ ಬೇಸರವಾಯಿತು. ಬೈಕಿನವನೊಬ್ಬನನ್ನು ಹಿಡಿದು ಗುಡ್ಡದ ಕಡೆ ಹೊರಟವರು ಕೆಬೊನ್ ಲಾವುಕ್ ಎಂಬ ಹಳ್ಳಿಯಲ್ಲಿ ಇಳಿದುಬಿಟ್ಟರು. ಇಳಿಯಲು ಕಾರಣ ಮೆಣಸಿನಕಾಯಿ. ರಸ್ತೆಯ ಎರಡೂ ಬದಿಗೆ ಚಾಪೆ ಹಾಸಿ ಕೆಂಪು ಮೆಣಸಿನಕಾಯಿ ಒಣಗಿಸಿದ್ದರು. ಘಾಟು ಮೂಗಿಗೆ ಹೊಡೆದದ್ದೇ ಬ್ಯಾಡಗಿಯ ಸಂತೆಯೇ ಎದುರು ಬಂದಂತಾಗಿ ಅವರ ಕಣ್ಣು ತುಂಬಿತು. ಮೇಲೆ ಮೋಡ ಹೊದ್ದ ಬೆಟ್ಟ, ಕೆಳಗೆ ಹಂತ ಹಂತವಾಗಿ ಇಳಿದ ಭತ್ತದ ಗದ್ದೆ. ಅಲ್ಲೇ ಒಂದು ಕೋಣೆ ಹಿಡಿದು ಉಳಿದರು.

ಆ ಶುಕ್ರವಾರ ನಮಾಜಿಗೆ ತಮ್ಮ ಬಿಳಿ ಟೊಪ್ಪಿಗೆ ಹಾಕಿಕೊಂಡು ಮಸೀದಿಗೆ ಹೋದರು. ರಾಣೆಬೆನ್ನೂರಿನಲ್ಲಿ ಎಲ್ಲರೂ ಹಾಕುವಂಥದ್ದೇ. ಮಸೀದಿಯಲ್ಲಿ ಜನ ಸರಿದು ಅವರನ್ನು ಮೊದಲ ಸಾಲಿಗೆ ಕಳಿಸಿದರು. ಹೊರಗೆ ಬಂದಾಗ ಮುದುಕರೂ ಬಾಗಿ ಕೈಹಿಡಿದು, “ಪಾಕ್ ಹಾಜಿ, ಪಾಕ್ ಹಾಜಿ” ಎಂದರು. ಪಾಕ್ ಎನ್ನುವುದು ಅಲ್ಲಿ ದೊಡ್ಡ ಗಂಡಸರಿಗೆ ಕೊಡುವ ಮರ್ಯಾದೆ. ಹಾಜಿ ಎಂದು ಯಾಕೆ ಅನ್ನುತ್ತಿದ್ದಾರೆಂಬುದು ಸಾಹೇಬರಿಗೆ ಮೂರು ದಿನದ ನಂತರ ತಿಳಿಯಿತು. ಆ ಕಡೆ ಸಾಮಾನ್ಯರು ಕರಿ ಟೊಪ್ಪಿಗೆ ಹಾಕುತ್ತಾರೆ. ಬಿಳಿಯದನ್ನು ಹಾಕುವವರು ಮೆಕ್ಕಾಕ್ಕೆ ಹೋಗಿ ಹಜ್ ಮುಗಿಸಿ ಬಂದವರು.

‘ನಾನು ಹಜ್ ಮಾಡಿಲ್ಲ’ ಎನ್ನುವುದಕ್ಕೆ ಎಷ್ಟು ಮಾತು ಬೇಕಿತ್ತು? ಆದರೆ ಅವರು ಹೇಳಲಿಲ್ಲ. ಭಾಷೆ ಬರುವುದಿಲ್ಲ, ನಾಳೆ ನಾಡಿದ್ದು ಹೊರಡುವವನು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಇಪ್ಪತ್ತು ವರ್ಷ ಬೇರೆಯವರ ಮನೆಯ ನೆಲದ ಮೇಲೆ ಮಂಡಿಯೂರಿದವರಿಗೆ, ಒಂದು ಊರಿಗೆ ಊರೇ ಎದ್ದು ನಿಂತು ದಾರಿ ಬಿಡುವುದು ಹೇಗಿರುತ್ತದೆ ಎಂದು ಮೊದಲ ಸಲ ಗೊತ್ತಾಗಿತ್ತು. ಅದನ್ನು ಬಿಡುವ ಮನಸ್ಸಾಗಲಿಲ್ಲ.

ಆ ತಿಂಗಳು ಮುಗಿಯುವುದರೊಳಗೆ ಅವರ ತಲೆಯಲ್ಲಿ ಒಂದು ಯೋಜನೆ ಹುಟ್ಟಿತ್ತು. ಗದ್ದೆಗಳ ಮೇಲಿನ ದಿಬ್ಬದಲ್ಲಿ ಮೂರು ಬಿದಿರಿನ ಕೋಣೆ ಕಟ್ಟಿ ಪ್ರವಾಸಿಗಳಿಗೆ ಕೊಡುವುದು, ಮಂಡಿಯ ಹಂಗಿಲ್ಲದೆ ಬದುಕುವುದು. ಹೊರದೇಶದವರು ಅಲ್ಲಿ ಜಮೀನು ಕೊಳ್ಳುವಂತಿಲ್ಲ, ಗೇಣಿಗೆ ಹಿಡಿಯಬಹುದು. ದಿಬ್ಬ ಇನಾಕ್ ಮಿನಾ ಎಂಬ ವಿಧವೆಯದು. ಇನಾಕ್ ಎಂದರೆ ಅವರ ಮಾತಿನಲ್ಲಿ ಅಮ್ಮ. ಅದಕ್ಕೂ ಮುಂಚೆ ಇಬ್ಬರು ಬಿಳಿಯರು ಕೇಳಿದಾಗ ಆಕೆ ಬಾಗಿಲನ್ನೇ ತೆಗೆದಿರಲಿಲ್ಲವಂತೆ. ಸಾಹೇಬರಿಗೆ ಮಾತ್ರ ಕಾಫಿ ಕೊಟ್ಟು, “ಹಾಜಿಯವರ ಕಾಲು ಬಿದ್ದರೆ ನೆಲಕ್ಕೆ ಒಳ್ಳೆಯದು” ಎಂದು ಒಪ್ಪಿಕೊಂಡಳು. ಆ ಮಾತು ಅರ್ಥವಾಗುವಷ್ಟು ಭಾಷೆ ಅಷ್ಟರಲ್ಲಿ ಅವರಿಗೆ ಬಂದಿತ್ತು. ಅಂದಾದರೂ ಹೇಳಬಹುದಿತ್ತು. ಕಾಫಿ ಕುಡಿದರು.

ಕೋಣೆ ಎದ್ದವು. ಮುಂದೆ ಊರಿನವರೇ ಹಲಗೆಯ ಮೇಲೆ ‘ಹಾಜಿ ಬದ್ರು ಹೋಂಸ್ಟೇ’ ಎಂದು ಬರೆದು ನಿಲ್ಲಿಸಿದರು. ಇನಾಕ್ ಮಿನಾ ಅತಿಥಿಗಳಿಗೆ ಅಡುಗೆ ಮಾಡುತ್ತಿದ್ದಳು, ಅವಳ ಸೊಸೆ ಬುಕಿಂಗ್ ನೋಡಿಕೊಳ್ಳುತ್ತಿದ್ದಳು. ಸಾಹೇಬರು ವರ್ಷಕ್ಕೆರಡು ಸಲ ಹೋಗಿ ಬರುತ್ತಿದ್ದರು. ಹೋದಾಗಲೆಲ್ಲ ಸಂಜೆ ಆಕೆ ಅವರ ಎದುರು ಕೂತು ಒಂದೇ ಮಾತು ಕೇಳುವಳು: “ಅಲ್ಲಿಯದು ಹೇಳಿ.”

ಆ ದೇಶದಲ್ಲಿ ಹಜ್‌ಗೆ ಹೆಸರು ಬರೆಸಿದರೆ ಪಾಳಿ ಬರುವುದಕ್ಕೆ ದಶಕಗಳೇ ಬೇಕು. ಆಕೆ, ಆಕೆಯ ಗಂಡ ಇಬ್ಬರೂ ಹೊಗೆಸೊಪ್ಪು ಮಾರಿ ಹೆಸರು ಬರೆಸಿದ್ದರು. ಗಂಡ ಕಾಯುತ್ತ ಕಾಯುತ್ತ ತೀರಿಕೊಂಡ. ಮೊದಲ ಸಲ ಆಕೆ ಕೇಳಿದಾಗ ಸಾಹೇಬರು ಮಾತು ತೇಲಿಸಿದರು. ಎರಡನೆಯ ಸಲ ವಿಡಿಯೋದಲ್ಲಿ ನೋಡಿದ್ದನ್ನು ಹೇಳಿದರು. ಮೂರನೆಯ ಸಲದ ಹೊತ್ತಿಗೆ ಮಾತಿಗೆ ರೆಕ್ಕೆ ಬಂದಿತ್ತು. ಮೆಕ್ಕಾದ ಪವಿತ್ರ ಭವನ ಕಾಬಾದ ಮೂಲೆಯ ಕಪ್ಪು ಕಲ್ಲನ್ನು ಮುಟ್ಟಿದೆ ಎಂದರು. ಕಾಬಾಕ್ಕೆ ಹೊದಿಸಿದ ಕರಿಬಟ್ಟೆಯ ಪರಿಮಳ ಹೇಗಿತ್ತೆಂದು ಕೇಳಿದ್ದಕ್ಕೆ, ತಮ್ಮ ತಾಯಿಯ ಟ್ರಂಕು ತೆರೆದಾಗ ಬರುತ್ತಿದ್ದ ಗುಲಾಬಿ ಅತ್ತರಿನ ವಾಸನೆಯನ್ನೇ ಬಣ್ಣಿಸಿದರು. ಝಮ್‌ಝಮ್ ಎಂಬ ಪವಿತ್ರ ನೀರಿನ ಬಾವಿಗೆ ಮೆಟ್ಟಿಲಿಳಿದು ಹೋದೆ, ಅಲ್ಲಿ ತಂಪಿತ್ತು, ಕಾಲು ಸೋತವರು ಅಲ್ಲಿ ಕೂರಬಹುದು ಎಂದರು. ಅದು ಅವರ ಅಜ್ಜ ಹಡಗಿನಲ್ಲಿ ಹೋಗಿ ಬಂದು ಹೇಳಿದ್ದ ಕಥೆ. ಇನಾಕ್ ಕಣ್ಣು ಮುಚ್ಚಿ ಕೇಳುವಳು.

ಒಮ್ಮೆ ಕಣ್ಣು ಮುಚ್ಚಿಕೊಂಡೇ, “ನನ್ನ ಗಂಡನಂತೆ ಕಾಯುತ್ತಲೇ ಸತ್ತವರಿಗಾಗಿ ಅಲ್ಲಿ ಬೇಡಿಕೊಂಡಿರಾ?” ಎಂದಳು.

“ಬೇಡಿಕೊಂಡೆ” ಎಂದರು ಸಾಹೇಬರು.

ಇತ್ತ ಫ್ಲ್ಯಾಟ್ ಬುಷ್‌ನಲ್ಲಿ ಗುಲ್ಜಾರ್ ಬೇಗಂ ಹಜ್‌ಗೆಂದು ಕೂಡಿಡುತ್ತಿದ್ದಳು. ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟು, ಪ್ಯಾಂಟು ಗಿಡ್ಡ ಮಾಡಿ, ಬ್ಲೌಸು ಬಿಚ್ಚಿ ಹೊಲಿದು ಸೇರಿಸಿದ್ದು. ನ್ಯೂಜಿಲೆಂಡಿನಿಂದ ಹೊರಡುವವರಿಗೆ ದಶಕಗಟ್ಟಲೆ ಕಾಯುವ ಗೋಜಿಲ್ಲ, ಮನಸ್ಸು ಮಾಡಿದರಾಯಿತು. ಆದರೆ ಆ ಗಂಟು ಬಿದಿರಿನ ಕೋಣೆಗಳಿಗೆ ಹೋಯಿತು. “ಈ ವರ್ಷ ರೂಮು ಆಗ್ಲಿ, ಬರೂ ವರ್ಷ ಇಬ್ಬರೂ ಹೋಗೂಣು” ಎಂದಿದ್ದರು ಸಾಹೇಬರು. ಆಕೆ ಕೊಟ್ಟಿದ್ದಳು. ಬರುವ ವರ್ಷ ಬಂತು, ನೀರಿನ ಟ್ಯಾಂಕಿ ಕಟ್ಟಬೇಕಾಯಿತು. ಅದರ ಮುಂದಿನ ವರ್ಷ ಛಾವಣಿ. ಆಕೆ ಮತ್ತೆ ಕೇಳಲಿಲ್ಲ. ಕೆಬೊನ್ ಲಾವುಕ್‌ಗೆ ಬಾ ಎಂದು ಸಾಹೇಬರೂ ಕರೆಯಲಿಲ್ಲ. ಪ್ರತಿ ಸಲ ಒಂದು ನೆಪ ಸಿಗುತ್ತಿತ್ತು.

ಗೆಳೆಯ ಗುರುರಾಜ್‌ಗೆ ಮಾತ್ರ, ರಜೆಗೆ ಅಲ್ಲಿಗೆ ಹೋಗುತ್ತೇವೆಂದಾಗ, ಇಲ್ಲವೆನ್ನಲಾಗಲಿಲ್ಲ. ಮೈಸೂರಿನವರು, ಸಾಫ್ಟ್‌ವೇರ್ ಕೆಲಸ. ಅವರ ಮನೆಯ ಕಾರ್ಪೆಟ್ಟನ್ನು ಸಾಹೇಬರೇ ಹಾಸಿದ್ದು. ಗಂಡ ಹೆಂಡತಿ ಎಂಟು ದಿನ ಇದ್ದು ಖುಷಿಯಾಗಿ ಬಂದರು. ಅದಾದ ಮೇಲೆ ಎಲ್ಲರೂ ಸೇರಿದ್ದು ಬಾಟನಿ ಡೌನ್ಸ್‌ನ ಹಾಲ್‌ನಲ್ಲಿ ನಡೆದ ರಾಜ್ಯೋತ್ಸವದ ಊಟದಲ್ಲಿ. ಬಿಸಿಬೇಳೆಬಾತ್ ಬಡಿಸಿಕೊಂಡು ಗುಲ್ಜಾರ್ ಮತ್ತು ಸಾಹೇಬರು ಕೂತಿದ್ದಾರೆ, ದೂರದಿಂದಲೇ ಗುರುರಾಜ್ ಕೈ ಚಾಚಿಕೊಂಡು ಬಂದರು.

“ಏನ್ ಸಾಹೇಬ್ರೇ ನೀವು! ಹಜ್ ಮಾಡ್ಕೊಂಡ್ ಬಂದಿದೀರ, ನಮಗೊಂದ್ ಮಾತು ಹೇಳೋದಲ್ವಾ? ಅಲ್ಲಿ ಊರಿಗೂರೇ ಹಾಜಿ ಹಾಜಿ ಅಂತ ನಿಮ್ಮನ್ನ ತಲೆ ಮೇಲಿಟ್ಕೊಂಡಿದೆ!”

ಅಕ್ಕಪಕ್ಕದವರು ತಿರುಗಿದರು. ಗುರುರಾಜರ ಹೆಂಡತಿ ರಮಾ ಗುಲ್ಜಾರ್ ಪಕ್ಕದ ಕುರ್ಚಿ ಎಳೆದುಕೊಂಡರು. “ಅಲ್ಲೊಬ್ರು ಅಜ್ಜಿ ಇದಾರೆ ನೋಡಿ, ಸಂಜೆ ಹೆಂಗಸ್ರನ್ನೆಲ್ಲ ಕೂರಿಸ್ಕೊಂಡು, ಇವರು ಹೇಳಿದ್ದನ್ನ ಒಂದಕ್ಷರ ಬಿಡದೆ ಹೇಳ್ತಾರೆ. ಕಪ್ಪು ಕಲ್ಲು ಮುಟ್ಟಿದ್ದು, ಬಾವಿಗೆ ಮೆಟ್ಲಿಳಿದಿದ್ದು... ಸೊಸೆ ನಮಗೆ ಇಂಗ್ಲಿಷಲ್ಲಿ ಹೇಳಿದ್ಲು. ನನಗೇ ಕಣ್ಣಲ್ಲಿ ನೀರು ಬಂತು ಗೊತ್ತಾ?”

ಬದ್ರುದ್ದೀನ್ ಸಾಹೇಬರ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಎದುರಿನ ಸಾಲಿನಲ್ಲಿದ್ದ ಹಿರಿಯರು ನರಸಿಂಹಯ್ಯನವರು ಎದ್ದು ಬಂದು ಅವರ ಕೈಯನ್ನು ತಮ್ಮೆರಡೂ ಕೈಯಲ್ಲಿ ಹಿಡಿದು, “ಪುಣ್ಯವಂತರಪ್ಪಾ” ಎಂದು ಕಣ್ಣಿಗೊತ್ತಿಕೊಂಡರು. ಸಾಹೇಬರು ಆ ಹಾಲ್‌ನ ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದರು. ಹೆಂಡತಿಯ ಕಡೆ ನೋಡುವ ಧೈರ್ಯ ಬರಲಿಲ್ಲ.

ಗುಲ್ಜಾರ್ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. “ಅಲ್ಲೆ ಮಂದಿ ಭಾಳ ಚಲೋ ಅದಾರ ಅಂತ ಇವರು ಹೇಳ್ತಿರ್ತಾರ್ರಿ” ಎಂದು ರಮಾಗೆ ಹೇಳಿ, ಎದ್ದು ಹೋಗಿ ಎಲ್ಲರಿಗೂ ನೀರು ತಂದಿಟ್ಟಳು.

ಮನೆಗೆ ಹೊರಟಾಗ ಕಾರು ಆಕೆಯೇ ಓಡಿಸಿದಳು. ಚಾಪೆಲ್ ರೋಡಿನ ಸಿಗ್ನಲ್ಲುಗಳೆಲ್ಲ ಕೆಂಪಾಗಿಯೇ ಸಿಕ್ಕವು. ಮೂರನೆಯ ಸಿಗ್ನಲ್ಲಿನಲ್ಲಿ ಆಕೆ ಮುಂದೆ ನೋಡಿಕೊಂಡೇ ಕೇಳಿದಳು: “ಕಪ್ಪು ಕಲ್ಲು ಮುಟ್ಟೀರಿ ಅಂತಲ್ಲ. ತಣ್ಣಗಿತ್ತೋ, ಬೆಚ್ಚಗಿತ್ತೋ?”

ಸಾಹೇಬರು ಕಿಟಕಿಯ ಕಡೆ ತಿರುಗಿದರು. “ಬಿಳಿ ಟೊಪ್ಪಿಗಿ ನೋಡಿ ಅವರ ಹಂಗ ತಿಳಕೊಂಡ್ರು. ನಾನಾಗಿ ಹೇಳ್ಲಿಲ್ಲ” ಎಂದರು.

“ಕಲ್ಲು ಮುಟ್ಟಿದ್ದೂ ಟೊಪ್ಪಿಗಿನ ಹೇಳಿತೇನು?”

ಆಮೇಲೆ ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಅವರಿಗೆ ಅದೇ ಹೆಚ್ಚಾಯಿತು. ಮನೆಯಲ್ಲಿ ಊಟ ತಿಂಡಿ ಎಂದಿನಂತೆ ನಡೆಯಿತು, ಮಾತು ಮಾತ್ರ ಬೇಕಾದಷ್ಟಕ್ಕೇ ನಿಂತಿತು. ಶುಕ್ರವಾರದ ನಮಾಜಿನಲ್ಲಿ ಸಾಹೇಬರು ಹಿಂದಿನ ಸಾಲಿನಲ್ಲಿ ನಿಲ್ಲತೊಡಗಿದರು. ಆ ಬೇಸಿಗೆಯಲ್ಲಿ ಲೊಂಬೊಕ್‌ಗೆ ಹೋಗಬೇಕಿತ್ತು, ಮಂಡಿಯ ನೆಪ ಹೇಳಿ ಹೋಗಲಿಲ್ಲ. ರಾತ್ರಿ ಹಾಸಿಗೆಯಲ್ಲಿ, ದಿಬ್ಬದ ಮೇಲೆ ಗುಂಪಾಗಿ ಕೂತು ತಮ್ಮ ಸುಳ್ಳನ್ನು ಭಕ್ತಿಯಿಂದ ಕೇಳುವ ಹೆಂಗಸರ ಮುಖಗಳು ಅವರ ಕಣ್ಣ ಮುಂದೆ ಬರುತ್ತಿದ್ದವು.

ಫೆಬ್ರವರಿಯ ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ವಿಡಿಯೋ ಕಾಲ್ ಬಂತು. ಇನಾಕ್ ಮಿನಾ. ಸೊಸೆ ಹಿಡಿದ ಫೋನಿನಲ್ಲಿ ಆಕೆಯ ಅರ್ಧ ಮುಖವಷ್ಟೇ ಕಾಣುತ್ತಿತ್ತು, ಅದೂ ನಗುವಿನಿಂದ ಅಗಲವಾಗಿತ್ತು.

“ಪಾಕ್ ಹಾಜಿ! ನನ್ನ ಹೆಸರು ಬಂತು! ಮುದುಕರನ್ನು ಮೊದಲು ಕಳಿಸುತ್ತಾರಂತೆ. ಈ ವರ್ಷವೇ!”

ಸಾಹೇಬರು ಸಂತೋಷದ ಮಾತಾಡಿದರು. ಅಷ್ಟರಲ್ಲಿ ಆಕೆ ಮುಂದುವರಿಸಿದಳು: “ನನಗೆ ಭಯವಿಲ್ಲ. ಎಲ್ಲವೂ ನಿಮ್ಮಿಂದ ಗೊತ್ತಿದೆ. ನಮ್ಮ ತಂಡದವರಿಗೂ ಹೇಳಿಟ್ಟಿದ್ದೇನೆ, ಜನಜಂಗುಳಿಯಲ್ಲಿ ನಾನು ತಪ್ಪಿಹೋದರೆ ಹುಡುಕಾಡಬೇಡಿ, ಝಮ್‌ಝಮ್ ಬಾವಿಯ ಮೆಟ್ಟಿಲ ಮೇಲೆ ಕೂತಿರುತ್ತೇನೆ ಅಂತ. ತಂಪಾಗಿರುತ್ತದೆ, ಅಲ್ಲವೇ?”

“ಹೌದು, ಹೌದು” ಎಂದರು ಸಾಹೇಬರು. ಅದು ಅವರ ಬಾಯಿಂದ ತಾನೇ ತಾನಾಗಿ ಬಂದುಬಿಟ್ಟಿತ್ತು.

ಫೋನು ಇಟ್ಟ ಮೇಲೆ ಅಂಗಡಿಯಲ್ಲಿ ನಿಲ್ಲಲಾಗಲಿಲ್ಲ. ಬಾಗಿಲೆಳೆದು ಮನೆಗೆ ಬಂದರು. ಗುಲ್ಜಾರ್ ಮೆಷಿನ್ ಮುಂದೆ ಕೂತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದರು. ಟೊಪ್ಪಿಗೆಯಿಂದ ಹಿಡಿದು ಇನಾಕ್ ಮಿನಾಳ ಗಂಡನಿಗಾಗಿ ಬೇಡಿದೆನೆಂದ ಮಾತಿನವರೆಗೆ, ಏನನ್ನೂ ಬಿಡದೆ. ಆಕೆ ಬಟ್ಟೆಯನ್ನು ಮೆಷಿನ್ ಕೆಳಗೇ ಬಿಟ್ಟು ಕೇಳಿಸಿಕೊಂಡಳು.

“ಆ ಮೆಟ್ಟಿಲು ಈಗ ಇಲ್ಲ ಅಲ್ಲೇನ್ರಿ?”

“ಇಲ್ಲ. ಮುಚ್ಚಿ ಭಾಳ ವರ್ಷ ಆತು.”

“ಆಕಿಗೆ ಎಪ್ಪತ್ತು ದಾಟೇತಿ. ಬಿಸಲಾಗ, ಲಕ್ಷಾಂತರ ಮಂದಿ ನಡುವ, ಇಲ್ಲದ ಮೆಟ್ಟಿಲ ಹುಡಕ್ಕೋತ ತಿರಗ್ತಾಳ.” ಆಕೆ ಮೆಷಿನ್ನಿನ ಸ್ವಿಚ್ ಆರಿಸಿ ಎದ್ದಳು. “ನನಗ ಏನ್ ಮಾಡೀರಿ ಅದು ನನಗೂ ನಿಮಗೂ ಇರ್ಲಿ. ಆಕಿಗೆ ಇವತ್ತ ಹೇಳ್ರಿ. ನಾ ಬಾಜೂಕ ಕೂಡ್ತೀನಿ. ಮಾತು ನೀವ ಆಡ್ರಿ.”

ಊಟದ ಮೇಜಿನ ಮೇಲೆ ಫೋನು ನಿಲ್ಲಿಸಿದರು. ಇನಾಕ್ ಮತ್ತೆ ಸಿಕ್ಕಳು, ಈ ಸಲ ಒಬ್ಬಳೇ, ಹಿಂದೆ ಒಣಹಾಕಿದ ಬಟ್ಟೆ.

“ಇನಾಕ್, ನಾನು ಹಾಜಿ ಅಲ್ಲ.”

ಆಕೆ ನಕ್ಕಳು. ಇವರ ಹರುಕು ಭಾಷೆಗೆ ಆಕೆ ಯಾವಾಗಲೂ ನಗುತ್ತಿದ್ದಳು. ಮಾತು ತಪ್ಪಿದೆಯೆಂದುಕೊಂಡು, ‘ಈ ವರ್ಷ ನಾನು ಹಜ್‌ಗೆ ಬರುತ್ತಿಲ್ಲ’ ಎನ್ನಬೇಕಾದರೆ ಹೀಗೆ ಹೇಳಬೇಕು ಎಂದು ತಿದ್ದಿದಳು.

ಸಾಹೇಬರು ಮೇಜಿನ ಅಂಚು ಹಿಡಿದುಕೊಂಡರು. “ನಾನು ಮೆಕ್ಕಾಕ್ಕೆ ಹೋಗಿಯೇ ಇಲ್ಲ. ಒಂದು ಸಲವೂ. ನಿಮಗೆ ಹೇಳಿದ್ದು ಸುಳ್ಳು.”

ನಗು ಆಕೆಯ ಮುಖದಿಂದ ಒಮ್ಮೆಲೇ ಹೋಗಲಿಲ್ಲ, ನಿಧಾನವಾಗಿ ಇಳಿಯಿತು.

“ಮೆಟ್ಟಿಲು?”

“ಈಗ ಇಲ್ಲ. ನಮ್ಮಜ್ಜನ ಕಾಲದಲ್ಲಿ ಇತ್ತಂತೆ. ಅಲ್ಲಿ ಹುಡುಕಬೇಡಿ. ತಂಡದವರ ಕೈ ಬಿಡಬೇಡಿ.”

“ಆ ಪರಿಮಳ?”

“ನಮ್ಮ ತಾಯಿಯ ಪೆಟ್ಟಿಗೆಯದು.”

ಆಕೆ ಮುಖವನ್ನು ಫೋನಿನ ಹತ್ತಿರಕ್ಕೆ ತಂದಳು. ಆಮೇಲೆ ಕೇಳಿದಳು: “ನನ್ನ ಗಂಡನಿಗಾಗಿ ಬೇಡಿಕೊಂಡದ್ದು?”

ಸಾಹೇಬರು ಇಲ್ಲವೆಂದು ತಲೆಯಾಡಿಸಿದರು. ಇನಾಕ್ ಮಿನಾ ಫೋನನ್ನು ಚಾಪೆಯ ಮೇಲೆ ಮಗುಚಿಟ್ಟಳು. ಕರೆ ಕಡಿಯಲಿಲ್ಲ. ಪರದೆ ಕಪ್ಪಾಗಿ, ಕೋಳಿಗಳ ಸದ್ದು, ಯಾರೋ ಅಂಗಳ ಗುಡಿಸುವ ಸದ್ದು ಮಾತ್ರ ಕೇಳುತ್ತಿತ್ತು. ಸಾಹೇಬರು ಆ ಕಪ್ಪು ಪರದೆಯ ಮುಂದೆ ಕೂತೇ ಇದ್ದರು. ಕೊನೆಗೆ ಗುಲ್ಜಾರ್ ಕೈ ಚಾಚಿ ಕರೆ ನಿಲ್ಲಿಸಿದಳು.

ಸುದ್ದಿ ಊರಿಗೆಲ್ಲ ಹಬ್ಬಿತೆಂದು ತಿಳಿದದ್ದು ಸೊಸೆ ಕಳಿಸಿದ ಫೋಟೋದಿಂದ. ಹಲಗೆಯ ಮೇಲಿನ ‘ಹಾಜಿ’ ಎಂಬಲ್ಲಿ ಸುಣ್ಣ ಬಳಿದಿದ್ದರು. ಒಂದೇ ಕೈ ಬಳಿದದ್ದರಿಂದ ಅಕ್ಷರ ಒಳಗಿನಿಂದ ಕಾಣುತ್ತಲೇ ಇತ್ತು. ಫೋಟೋದ ಜೊತೆ ಸೊಸೆ ಒಂದು ಮಾತೂ ಬರೆದಿರಲಿಲ್ಲ. ಜಮೀನು ಬಿಡಿ ಎಂದು ಯಾರೂ ಕೇಳಲಿಲ್ಲ, ಅತಿಥಿಗಳು ಬಂದು ಹೋಗುತ್ತಿದ್ದರು. ಹಾಗೆ ಕೇಳಿದ್ದರೇ ಎಷ್ಟೋ ಹಗುರವಾಗುತ್ತಿತ್ತು ಎಂದು ಸಾಹೇಬರಿಗೆ ಅನ್ನಿಸಿತು. ಇಂಟರ್ನೆಟ್ಟಿನಲ್ಲಿದ್ದ ಹೆಸರನ್ನು ತಾವೇ ಬದಲಿಸಿದರು. ಅದರ ಕೆಳಗೆ, ‘ಪುಣ್ಯಭೂಮಿಗೆ ಹೋಗಿ ಬಂದ ಸಜ್ಜನರೊಬ್ಬರ ಜಾಗ’ ಎಂದು ಯಾವುದೋ ದೇಶದ ಅತಿಥಿ ಬರೆದಿದ್ದ ಮೆಚ್ಚುಗೆಯನ್ನು ಅಳಿಸುವ ದಾರಿ ಅವರಿಗೆ ತಿಳಿಯಲಿಲ್ಲ.

ಇನ್ನೂ ಇಬ್ಬರಿಗೆ ಹೇಳುವುದಿತ್ತು. ಒಂದು ಭಾನುವಾರ ಗುರುರಾಜ್ ಮನೆಗೆ ಹೋಗಿ, ಕೊಟ್ಟ ಕಾಫಿ ಮುಟ್ಟದೆ ವಿಷಯ ಹೇಳಿದರು. ಗುರುರಾಜ್ ಗಟ್ಟಿಯಾಗಿ ನಕ್ಕುಬಿಟ್ಟರು. “ಅಯ್ಯೋ, ಇಷ್ಟೇನಾ? ನಾನೇನೋ ಅಂದ್ಕೊಂಡೆ. ಬಿಸ್ನೆಸ್ ಅಂದ್ಮೇಲೆ ಸ್ವಲ್ಪ ಹಾಗೂ ಹೀಗೂ ಇರುತ್ತೆ, ಬಿಡಿ ಸಾಹೇಬ್ರೇ.” ರಮಾ ನಗಲಿಲ್ಲ. ಬಟ್ಟಲು ತೆಗೆದುಕೊಂಡು ಒಳಗೆ ಹೋದವರು ಇವರು ಹೊರಡುವವರೆಗೂ ಈಚೆ ಬರಲಿಲ್ಲ. ಸಾಹೇಬರಿಗೆ ಅವರ ಮೌನಕ್ಕಿಂತ ಗುರುರಾಜರ ನಗುವೇ ಹೆಚ್ಚು ಚುಚ್ಚಿತು. ನರಸಿಂಹಯ್ಯನವರಿಗೆ ಹೇಳಬೇಕೆಂದು ಎರಡು ಸಲ ಅವರ ಮನೆಯ ಬೀದಿಯವರೆಗೆ ಹೋಗಿ ಕಾರು ತಿರುಗಿಸಿಕೊಂಡು ಬಂದರು. ಅದು ಹಾಗೇ ಉಳಿಯಿತು.

ಹಜ್ ಮುಗಿಯಿತು. ಮೆಕ್ಕಾದಲ್ಲಿ ಬಿಸಿಲಿಗೆ ಯಾತ್ರಿಕರು ಸತ್ತ ಸುದ್ದಿ ಬಂದ ದಿನಗಳಲ್ಲಿ ಸಾಹೇಬರು ಫೋನಿನಲ್ಲಿ ಅದನ್ನೇ ಹುಡುಕುತ್ತಿದ್ದರು. ಇನಾಕ್‌ಳ ಸೊಸೆಯನ್ನು ಕೇಳುವ ಮುಖವಿರಲಿಲ್ಲ. ಜುಲೈನಲ್ಲಿ, ಚಳಿಗಾಲದ ಮಳೆ ಹೊಯ್ಯುತ್ತಿದ್ದ ಮಧ್ಯಾಹ್ನ, ಅಂಗಡಿಯಲ್ಲಿದ್ದಾಗ ಮತ್ತೆ ವಿಡಿಯೋ ಕಾಲ್ ಬಂತು. ಇನಾಕ್ ಮಿನಾ ತೆಳ್ಳಗಾಗಿದ್ದಳು, ಮುಖ ಬಿಸಿಲಿಗೆ ಕಂದಿತ್ತು.

“ಪಾಕ್ ಬದ್ರು” ಎಂದಳು. “ಹೋಗಿ ಬಂದೆ. ಕ್ಷೇಮ.”

“ಅಲ್‌ಹಮ್ದುಲಿಲ್ಲಾ” ಎಂದರು ಸಾಹೇಬರು.

“ಮೆಟ್ಟಿಲು ಹುಡುಕಿದೆ. ನೀವು ಹೇಳಿದ ಮೇಲೂ ಹುಡುಕಿದೆ. ಅಷ್ಟು ವರ್ಷ ಕೇಳಿದ್ದೆನಲ್ಲ. ಇರಲಿಲ್ಲ.” ದನಿಯಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. “ಗಂಡನಿಗಾಗಿ ನಾನೇ ಬೇಡಿಕೊಂಡೆ.”

“ಇನಾಕ್, ನನ್ನನ್ನು ಕ್ಷಮಿಸಿದಿರಾ?”

ಆಕೆ ಪಕ್ಕಕ್ಕೆ ತಿರುಗಿ ಏನನ್ನೋ ನೋಡಿದಳು. “ಒಲೆಯ ಮೇಲೆ ಅನ್ನ ಇಟ್ಟಿದ್ದೇನೆ. ಅತಿಥಿಗಳು ಬಂದಿದ್ದಾರೆ” ಎಂದು ಫೋನು ಇಟ್ಟಳು.

ಸಂಜೆ ಗುಲ್ಜಾರ್ ಅದನ್ನೇ ಕೇಳಿದಳು. “ಮಾಫ್ ಮಾಡಿದ್ರೇನು?”

“ಗೊತ್ತಿಲ್ಲ. ಅನ್ನ ಇಟ್ಟೇನಿ ಅಂದ್ರು.”

ಆಕೆ ಕತ್ತರಿಸುತ್ತಿದ್ದ ಉಳ್ಳಾಗಡ್ಡಿಯನ್ನು ಬದಿಗೆ ಸರಿಸಿದಳು. “ನಾನೂ ಆಯೇಶಾನೂ ಬರೂ ವರ್ಷಕ್ಕ ಹೆಸರು ಹಚ್ಚೇವಿ. ಹಜ್‌ಗೆ. ಹೊಲಿಗಿ ರೊಕ್ಕ ಮತ್ತ ಕೂಡೇತಿ. ನಿಮ್ಮದು ಹಚ್ಚಿಲ್ಲ.”

“ಯಾಕ?”

“ನೀವು ಅಲ್ಲಾಹ್‌ಗಂತ ಹೊಂಟೀರೋ, ಆ ಊರಾಗ ಮತ್ತ ಮೊದಲನೇ ಸಾಲಿನಾಗ ನಿಂದ್ರಾಕಂತ ಹೊಂಟೀರೋ, ಅದು ನನಗ ಹೆಂಗ ಗೊತ್ತಾಗಬೇಕು? ಹಚ್ಚೂದಿದ್ರ ನೀವ ಹಚ್ಚರಿ.”

ನನ್ನದೂ ಹಚ್ಚು ಎನ್ನಬೇಕೆಂದು ಸಾಹೇಬರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಕೆ ಕೇಳಿದ ಪ್ರಶ್ನೆಗೆ ಉತ್ತರ ಅವರಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳುವುದಕ್ಕೆ ಈಗ ಹೆದರಿಕೆಯಾಗುತ್ತಿತ್ತು. ಎದ್ದು, ಮೇಜಿನ ಮೇಲೆ ಎರಡು ತಟ್ಟೆ ಹಾಕಿ, ಹೆಂಡತಿ ಬರಲಿ ಎಂದು ಕಾಯುತ್ತ ಕೂತರು.